ಬರಿಪೀಠದ ಎದುರು ಒಂದೂವರೆ ನಿಮಿಷ

ಬಾದಾಮಿ
ಫೆಬ್ರವರಿ ೩೦, ೨೧೬೧

ಪೂಜ್ಯ ಶಿವಗಂಗಾ ಮುತ್ತಜ್ಜಿಯವರಿಗೆ, ನಿಮ್ಮ ಮರಿಮಗ ಕಲ್ಮೇಶನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆಯೆಂದು ಆಳ್ಗಣಕವು ಅದಕ್ಕೆ ಎರಡು ದಿನ ಹೆಚ್ಚು ಕೊಟ್ಟಿದೆ. ಆಳ್ಗಣಕ ಎಂದರೆ ನಮ್ಮನ್ನು ಆಳುವ ಗಣಕಯಂತ್ರ. ಇಂಥ ಒರಟು ಪದಗಳು ಇನ್ನೂ ಒಂದೆರಡು ಬರುತ್ತವೆ, ಕ್ಷಮಿಸಿ. ಅವು ಹುಟ್ಟಿದ್ದಕ್ಕೆ ನೀವೂ ಸ್ವಲ್ಪ ಕಾರಣ.

ನಾನು ಬರೆಯುತ್ತಿರುವುದು ನೀವಿನ್ನೂ ಶಾಸಕಿಯಾಗಿರುವ ಆ ಹಳೆಯ ಕಾಲಕ್ಕೆ. ಮಂತ್ರಿಮಂಡಲವನ್ನೇ ತೆಗೆದು ಅದರ ಅಧಿಕಾರವನ್ನೆಲ್ಲ ಯಂತ್ರಕ್ಕೆ ಒಪ್ಪಿಸುವ ಮಸೂದೆ ನಾಳೆ ನಿಮ್ಮ ಸದನದಲ್ಲಿ ಮತಕ್ಕೆ ಬರುತ್ತದೆ. ಅದು ಒಂದೇ ಮತದಿಂದ ಗೆದ್ದಿತು, ಆ ಮತ ನಿಮ್ಮದು ಎಂದು ನಮ್ಮ ಮನೆಯಲ್ಲಿ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಮಂತ್ರಿಗಳ ಮೇಲಿನ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಮತದಾನಕ್ಕೂ ಮೂರು ವರ್ಷ ಹಿಂದಿನ ಕಲಾಪದ ಧ್ವನಿಮುದ್ರಿಕೆಯನ್ನು ಎಷ್ಟು ಸಲ ಕೇಳಿದ್ದೇನೋ. ಊರ ಆಸ್ಪತ್ರೆಗೆ ಡಾಕ್ಟರೇಕಿಲ್ಲ ಎಂದು ನೀವು ಕೇಳುತ್ತೀರಿ. ಆರೋಗ್ಯ ಮಂತ್ರಿ ಕುಳಿತಲ್ಲೇ ಏನೋ ಗೊಣಗುತ್ತಾರೆ.

“ಎದ್ದ ನಿಂತ ಹೇಳ್ರಿ. ಕುಂತ ಹೇಳಿದ್ದು ನಮಗ ಕೇಳಂಗಿಲ್ಲ,” ಎನ್ನುತ್ತೀರಿ ನೀವು.

“ಅಕ್ಕಾರ, ಮೊಣಕಾಲ ಭಾಳ ನೋಯ್ತಾವ್ರಿ.”

“ನಮ್ಮೂರ ಬಸರಿ ಹೆಣ್ಣಮಕ್ಕಳು ನಾಕ ಹರದಾರಿ ನಡೀತಾರ. ನಿಮಗ ನಿಂದ್ರಾಕ ಆಗಂಗಿಲ್ಲೇನ್ರಿ?”

ಬೆಂಚು ಕಿರ್ರೆನ್ನುತ್ತದೆ. ಮಂತ್ರಿ ಎದ್ದು ನಿಲ್ಲುತ್ತಾರೆ. ನಿಂತು ಹೇಳಿದ್ದು ಸುಳ್ಳು. ಡಾಕ್ಟರು ಬಂದದ್ದು ಎರಡು ವರ್ಷದ ಮೇಲೆ. ಆದರೆ ಎದ್ದರು.

ನೇಮಕ, ವರ್ಗಾವಣೆ, ಸುಗ್ರೀವಾಜ್ಞೆ, ನಿಮ್ಮ ಮಂತ್ರಿಗಳ ಕೈಯಲ್ಲಿದ್ದದ್ದೆಲ್ಲ ಆಳ್ಗಣಕದ ಬಳಿಯೂ ಇದೆ. ಲಂಚವಿಲ್ಲ, ಕೊಂಚವೂ ತಡವಿಲ್ಲ. ಅವರಲ್ಲಿದ್ದು ಇದರಲ್ಲಿಲ್ಲದ್ದು ಸದನಕ್ಕೆ ಹೆದರುವ ಎದೆ. ಅವಿಶ್ವಾಸ ನಿರ್ಣಯ ನಮ್ಮಲ್ಲೂ ಉಂಟು. ಗೆದ್ದರೂ ಬೀಳುವವರು ಯಾರೂ ಇಲ್ಲ.

ನನ್ನ ಹೆಂಡತಿ ನೀಲವ್ವ ಹೆರಿಗೆ ಆಸ್ಪತ್ರೆಯ ನರ್ಸು. ಏಳು ವರ್ಷದ ಹಿಂದೆ ಅವಳನ್ನು ತೇಲೂರಿಗೆ, ಅಂದರೆ ಕಡಲ ಮೇಲೆ ತೇಲುವ ಊರಿಗೆ, ವರ್ಗ ಮಾಡಿ ಆದೇಶ ಬಂತು. ಅಲ್ಲಿ ಹೆರಿಗೆ ಹೆಚ್ಚು, ಇಲ್ಲಿ ಕಡಿಮೆ. ನಾನೇ ಕೂಡಿಸಿ ಕಳೆದು ನೋಡಿದೆ. ಆದೇಶ ಸರಿಯಾಗಿಯೇ ಇದೆ. ನಾನು ಬಾವಿಗಳ ಹೂಳು ತೆಗೆಸುವವನು. ಕಡಲ ಮೇಲೆ ಬಾವಿಯಿಲ್ಲ, ಹಾಗಾಗಿ ನನಗೆ ಅಲ್ಲಿ ಜಾಗವಿಲ್ಲ; ಅದೂ ಸರಿಯೇ. ಆದೇಶದಲ್ಲಿ ಸಹಿಯಿಲ್ಲ, ಬೈಯಲೊಂದು ಹೆಸರಿಲ್ಲ. ಗಂಡ ಹೆಂಡತಿಯನ್ನು ಒಂದೇ ಊರಿಗೆ ಹಾಕಿಕೊಡಿ ಎಂದು ನಿಮ್ಮ ಕಾಲದ ಜನ ಅರ್ಜಿ ಹಿಡಿದು ಮಂತ್ರಿಗಳ ಬಾಗಿಲಲ್ಲಿ ಅರ್ಧ ದಿನ ನಿಲ್ಲುತ್ತಿದ್ದರಂತೆ. ಆ ಬಾಗಿಲು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ. ನಾನಿನ್ನೂ ಬೆಳಿಗ್ಗೆ ಎರಡು ಲೋಟ ಚಹಾ ಸೋಸುತ್ತೇನೆ. ನನ್ನ ಪ್ರಾಸದ ಚಟ ಬಲ್ಲ ಅವಳ ದನಿ ತೇಲೂರಿನಿಂದ ದಿನವೂ ಫೋನಿನಲ್ಲಿ ಬರುತ್ತದೆ: “ಪ್ರಾಸ ಕಟ್ಟೂದ ಬಿಟ್ಟು ಹೊಟ್ಟಿಗೇನರ ಹಾಕ್ಕೊಳ್ರಿ.” ಬಳೆಯ ಸದ್ದೂ ಬರುತ್ತದೆ. ಕೈ ಬರುವುದಿಲ್ಲ.

ನಿಮಗೂ ನಾಳೆ, ನನಗೂ ನಾಳೆ. ಮಂತ್ರಿಗಳು ಕೂರುತ್ತಿದ್ದ ಬೆಂಚನ್ನು ಸದನದಲ್ಲಿ ಇನ್ನೂ ಖಾಲಿಯಾಗಿ ಇಟ್ಟಿದ್ದಾರೆ; ನಾವು ಅದನ್ನು ಬರಿಪೀಠ ಎನ್ನುತ್ತೇವೆ. ಜನರಲ್ಲಿ ಸರದಿ ಬಂದವರು ಅದರೆದುರು ನಿಂತು ಒಂದು ಪ್ರಶ್ನೆ ಓದಬಹುದು; ನಾಳೆ ನನ್ನ ಸರದಿ. ಓದಿದ ಮೇಲೆ ಉತ್ತರಕ್ಕೆಂದು ಒಂದೂವರೆ ನಿಮಿಷ ಬಿಡುತ್ತಾರೆ. ಹಳೆಯ ನಿಯಮ, ತೆಗೆಯಲು ಯಾರಿಗೂ ನೆನಪಾಗಿಲ್ಲ. ಆ ಹೊತ್ತಿನಲ್ಲಿ ಎಲ್ಲರೂ ಬೆಂಚನ್ನೇ ನೋಡುತ್ತಾರೆ. ನನ್ನ ಪ್ರಶ್ನೆ ಒಂದೇ ಸಾಲು: ನೀಲವ್ವನನ್ನು ಯಾವಾಗ ಕಳಿಸುತ್ತೀರಿ?

ಮುತ್ತಜ್ಜಿ, ನಾಳೆ ಬೇಡವೆನ್ನಿ. ಮಂತ್ರಿಗಳನ್ನು ಬೈಯಿರಿ, ಬೀಳಿಸಿರಿ, ಬೇರೆಯವರನ್ನು ಕೂರಿಸಿರಿ. ಬೆಂಚನ್ನು ಮಾತ್ರ ಬರಿದು ಮಾಡಬೇಡಿ. ನಾನು ಓದಿ ಮುಗಿಸಿದಾಗ ಅಲ್ಲಿಂದ ಯಾರಾದರೂ ಮೊಣಕಾಲು ಹಿಡಿದುಕೊಂಡು, ಗೊಣಗುತ್ತ, ಎದ್ದು ನಿಲ್ಲಲಿ. ನಿಂತು, ನನ್ನ ಮುಖ ನೋಡಿ, ಆಗುವುದಿಲ್ಲ ಎಂದರೂ ಸಾಕು.

ನಿಮ್ಮ
ಕಲ್ಮೇಶ