ಎಡಗಿವಿಯ ಕುಂಕುಮ

…ಹೆಡ್‌ಫೋನಿನಲ್ಲಿ ಬಾಸ್ ಹೆಚ್ಚಾದರೆ ಹೆಜ್ಜೆಯ ಸಪ್ಪಳ ಮುಚ್ಚಿಹೋಗುತ್ತದೆ ಎಂದು ನೀವು ಹೇಳಿದ್ದಿರಂತೆ. ಅದರ ಮುಂದೆ ಇನ್ನೊಂದು ಮಾತಿತ್ತು. ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಫೆಬ್ರವರಿ ಮೂವತ್ತೊಂದು, ೨೨೧೭. ತಾರೀಖು ನೋಡಿ ನಗಬೇಡಿ, ಸುಮಿತ್ರಾ ಅಜ್ಜಿ. ತಿಂಗಳುಗಳನ್ನು ನಾವು ಗಾಳಿಗೆ ತಕ್ಕಂತೆ ಹಿಗ್ಗಿಸಿಕೊಂಡಿದ್ದೇವೆ. ನನ್ನ ಮುತ್ತಜ್ಜಿಯ ಮುತ್ತಜ್ಜಿಯಾದ ನಿಮಗೆ ಈ ಪತ್ರದಲ್ಲಿ ಇನ್ನೂ ಹತ್ತೊಂಬತ್ತು. ಅಜ್ಜಿ ಎಂದು ಕರೆಯುವುದೂ ವಿಚಿತ್ರವೇ, ಕ್ಷಮಿಸಿ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನೀವು ಎರಡು ಹೆಡ್‌ಫೋನ್‌ಗಳ ಮುಂದೆ ನಿಂತಿದ್ದೀರಿ. ಎರಡೂ ನಿಮ್ಮ ಕೈಗೆಟುಕುವ ಬೆಲೆಯವು, ಎರಡೂ ಹೊರಗಿನ ಸದ್ದು ನುಗ್ಗದಂತೆ ಹಿಂಬದಿ ಮುಚ್ಚಿದವು. ಒಂದಕ್ಕೆ ಬಣ್ಣದ ದೀಪಗಳಿವೆ, ಗುಡುಗಿನಂಥ ಬಾಸ್ ಇದೆ, ಕಿವಿಯ ಮೆತ್ತೆಗಳನ್ನು ಅಂಟಿನಿಂದ ಕೂರಿಸಿದ್ದಾರೆ. ಇನ್ನೊಂದು ನೋಡಲು ಸಪ್ಪೆ. ಆದರೆ ಅದರ ವೈರನ್ನು ಕಿತ್ತು ಬೇರೆ ಹಾಕಬಹುದು, ಮೆತ್ತೆಯನ್ನು ತಿರುಗಿಸಿ ತೆಗೆಯಬಹುದು. ಹಾಡೂ ಕೇಳಬೇಕು, ಆಟವೂ ಆಡಬೇಕು, ಯಾವುದು ಒಳ್ಳೆಯದು ಎಂದು ನೀವು ಯೋಚಿಸುತ್ತಿದ್ದೀರಿ. ನೀವು ಆರಿಸಿದ್ದು ಈಗ ನನ್ನ ಮಗಳ ತೊಡೆಯ ಮೇಲಿದೆ.

ನಮ್ಮ ಊರು ಗದಗಿನ ಆಚೆ, ವಿದ್ಯುತ್ ತೆಗೆಯುವ ಗಾಳಿಗೋಪುರಗಳ ಬುಡದಲ್ಲಿದೆ. ರೆಕ್ಕೆಗಳ ಮೊರೆತ ಹಗಲೂ ಇರುಳೂ ನಿಲ್ಲುವುದಿಲ್ಲ. ಹಿಂಬದಿ ತೆರೆದ ಹೆಡ್‌ಫೋನ್ ಹಾಕಿಕೊಂಡರೆ ಇಲ್ಲಿ ಕೇಳುವುದು ಆ ಮೊರೆತವೊಂದೇ. ದೂಳುಗಾಳಿ ಎದ್ದಾಗ ಕಣ್ಣಿನಿಂದ ಉಪಯೋಗವಿಲ್ಲ. ಆಗ ಗೋಪುರದ ಮೇಲೆ ಕಿವಿಗಾರರು ಕೂರುತ್ತಾರೆ. ಕೆಳಗೆ ನೆಲದಲ್ಲಿ ಹೂತ ಮೈಕುಗಳಿಂದ ಹೆಜ್ಜೆಯ ಸಪ್ಪಳ ಕೇಳಿ, ನಡೆಯುವವರಿಗೆ ಎಡಕ್ಕೆ, ಬಲಕ್ಕೆ ಎಂದು ದಾರಿ ಹೇಳುವುದು ಅವರ ಕೆಲಸ. ವೈರಿಲ್ಲದ ಹೆಡ್‌ಫೋನ್‌ಗಳಲ್ಲಿ ಸದ್ದು ಒಂದು ಹೆಜ್ಜೆ ತಡವಾಗಿ ಬರುತ್ತದೆ. ಆ ಒಂದು ಹೆಜ್ಜೆಯಲ್ಲಿ ಜನ ಸತ್ತಿದ್ದಾರೆ. ವೈರಿನವನ್ನು ಈಗ ಯಾರೂ ತಯಾರಿಸುವುದಿಲ್ಲ. ಆದ್ದರಿಂದ ಪ್ರತಿಯೊಬ್ಬ ಕಿವಿಗಾರನೂ ತನ್ನ ಮನೆಯ ಹಳೆಯದನ್ನೇ ತರಬೇಕು. ಮಕ್ಕಳು ನಿಮ್ಮ ಕಾಲದ ಆಟಗಳನ್ನೇ ಆಡಿ ದಿಕ್ಕು ಕಲಿಯುತ್ತಾರೆ, ಹಾಡು ಕೇಳಿ ದೂರವನ್ನು ಕಲಿಯುತ್ತಾರೆ. ಎರಡೂ ಬೇಕು. ನಿಮ್ಮ ಮರೆತುಹೋದ ಮಾತು ಇದೇ ಇತ್ತೇನೋ.

ಇವತ್ತು ನನ್ನ ಮಗಳು ನಿಂಬೆವ್ವನ ಪರೀಕ್ಷೆ. ಹೊಸ ಕಿವಿಗಾರರ ಮೊದಲ ನಡಿಗೆಗೆ ಅವರ ಮನೆಯವರೇ ದೂಳಿನೊಳಗೆ ಇಳಿಯಬೇಕೆಂಬುದು ಇಲ್ಲಿಯ ಪದ್ಧತಿ. ಹಾಗಾಗಿ ಕೆಳಗೆ ನಡೆಯುವವನು ನಾನು. ಈ ಗಾಳಿ ತಪ್ಪಿದರೆ, ಮುಂದಿನದರ ಹೊತ್ತಿಗೆ ಪರೀಕ್ಷೆಗೆ ಅವಳ ವಯಸ್ಸು ಮೀರುತ್ತದೆ.

ಬೆಳಿಗ್ಗೆ ಹಾಕಿಕೊಂಡು ನೋಡಿದಳು. ನಾನು ಎದುರಿಗೆ ನಿಂತು ಚಪ್ಪಾಳೆ ತಟ್ಟಿದೆ. ಮೈಕಿನಿಂದ ಬಂದ ಸದ್ದಿಗೆ ಅವಳು ಬಲಕ್ಕೆ ಕೈ ತೋರಿಸಿದಳು.

ಕಾರಣ ತಿಳಿಯಲು ಹೊತ್ತು ಬೇಕಾಗಲಿಲ್ಲ. ಪ್ರತಿ ಆಯುಧಪೂಜೆಗೂ ನನ್ನ ಅಕ್ಕ ದ್ಯಾಮವ್ವ, ಅವಳಿಗಿಂತ ಮುಂಚೆ ನಮ್ಮವ್ವ, ಅದಕ್ಕೂ ಮುಂಚಿನವರು, ಹೆಡ್‌ಫೋನಿನ ಎಡಗಿವಿಯ ಬಟ್ಟಲಿಗೆ ಕುಂಕುಮ ಹಚ್ಚುತ್ತ ಬಂದಿದ್ದಾರೆ. ಹಚ್ಚುವ ಜಾಗದಲ್ಲಿ ಒಂದು ಸಣ್ಣ ತೂತಿದೆ. ಮುಚ್ಚಿದ ಬಟ್ಟಲು ಉಸಿರಾಡುವುದು ಅದರಿಂದ. ಕುಂಕುಮ ತೂತಿನೊಳಗೆ ಇಳಿದು ಗಟ್ಟಿಯಾಗಿದೆ. ಎಡಗಿವಿ ಮಂಕಾಗಿ, ಎದುರಿನ ಸದ್ದೂ ಬಲದಿಂದ ಬಂದಂತೆ ಕೇಳುತ್ತದೆ.

“ಅತ್ತಿ, ಪೂಜಿ ಮಾಡಿ ಮಾಡಿ ದೇವ್ರನ್ನ ಕಿವುಡ ಮಾಡಿದಿ ನೋಡು,” ಎಂದಳು ನಿಂಬೆವ್ವ.

“ನಗಬ್ಯಾಡ ಹುಡುಗಿ. ಹಿರ್ಯಾರ ವಸ್ತು ಅದು, ಬಿಚ್ಚಬ್ಯಾಡ. ಹರಿದ್ರ ಏನ್ ಮಾಡ್ತಿ? ನಿಮ್ಮಪ್ಪ ಕೆಳಗ ಇಳ್ಯಾಂವ ಇದ್ದಾನ.”

“ಅದಕ್ಕs ಬಿಚ್ಚಬೇಕು.”

ಅಕ್ಕ ಸೆರಗಿನಿಂದ ಬಟ್ಟಲನ್ನು ಒರೆಸತೊಡಗಿದಳು, ಮೇಲಿನ ಕೆಂಪು ಹೋದರೆ ಒಳಗಿನದೂ ಹೋದೀತು ಎಂಬಂತೆ.

ಒಳಗಿನದನ್ನು ತೆಗೆಯಲು ಮೆತ್ತೆ ಬಿಚ್ಚಲೇಬೇಕು. ತಿರುಗಿಸುವ ಬಗೆಯದಾದರೆ ಅದು ಬಿಚ್ಚಿಕೊಳ್ಳುತ್ತದೆ. ಅಂಟಿಸಿದ ಬಗೆಯದಾದರೆ ಹರಿದು ಬರುತ್ತದೆ. ಹರಿದ ಮೆತ್ತೆಯ ಸಂದಿನಿಂದ ಗೋಪುರಗಳ ಮೊರೆತವೆಲ್ಲ ಒಳಗೆ ನುಗ್ಗುತ್ತದೆ. ನೀವು ಕೊಂಡದ್ದು ಯಾವ ಬಗೆಯದೋ ನಮಗೆ ಗೊತ್ತಿಲ್ಲ; ಬಣ್ಣ ಸವೆದಿದೆ, ಹೆಸರು ಅಳಿಸಿಹೋಗಿದೆ. ದೀಪಗಳಿದ್ದವೇ ಎಂದು ತಿಳಿಯುವಂತಿಲ್ಲ. ವೈರಿನ ಬುಡಕ್ಕೆ ಯಾವ ಕಾಲದಲ್ಲೋ ಯಾರೋ ಅರಗು ಸುರಿದಿದ್ದಾರೆ, ಅಲ್ಲಿಂದಲೂ ಏನೂ ಗೊತ್ತಾಗುವುದಿಲ್ಲ. ನನಗೆ ಭಯವಿಲ್ಲ ಎಂದು ಬರೆಯಲು ಹೊರಟಿದ್ದೆ. ಬರೆಯುವುದಿಲ್ಲ.

ದೂಳುಗಾಳಿಯ ಮೊದಲ ಕೊಂಬು ಮೊಳಗಿತು. ಪಶ್ಚಿಮದ ಗೋಪುರಗಳು ಕಾಣದಾಗಿವೆ. ನಾನು ಚಪ್ಪಲಿ ಬಿಟ್ಟು, ಸಪ್ಪಳ ಚೆನ್ನಾಗಿ ಕೇಳುವ ಮರದ ಪಾದುಕೆ ಮೆಟ್ಟಿಕೊಂಡಿದ್ದೇನೆ. ಅವಳ ಹೆಬ್ಬೆರಳು ಎಡಗಡೆಯ ಮೆತ್ತೆಯ ಅಂಚಿನಲ್ಲಿದೆ. ನಿಧಾನವಾಗಿ ತಿರುಗಿಸುತ್ತಿದ್ದಾಳೆ. ಈಗ ಒಳಗೆಲ್ಲೋ ಟಿಕ್ ಎಂದಿತು, ಅವಳು ಕೈ ತಡೆದು ನನ್ನ ಮುಖ ನೋಡುತ್ತಿದ್ದಾಳೆ.

ನಿಮ್ಮ ಎದುರಿಗೆ ಅಂಗಡಿಯವನು ಕಾಯುತ್ತಿರಬಹುದು. ಅಜ್ಜಿ, ನಿಮ್ಮ ಕೈ ಯಾವುದರ ಮೇಲಿದೆ?