ಪದದ ಮೇಲಿನ ಗೆರೆ

ಸೀವುಡ್ಸ್, ನವಿ ಮುಂಬಯಿ
೧೧ ಮೇ ೨೦೦೮

ಪ್ರೀತಿಯ ಸಂಯುಕ್ತಾ,

ನಿನ್ನ ಯುಗಾದಿಯ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಮೈಸೂರಿನ ಹಾಸ್ಟೆಲಿನಲ್ಲಿ ಬೈಯುತ್ತಿದ್ದ ಹಾಗೆಯೇ ಒಮ್ಮೆ ಬೈದುಬಿಡು, ಆಮೇಲೆ ಕೂತು ಪೂರ್ತಿ ಓದು. ಫೋನ್ ಮಾಡಲು ಹೋಗಿ ನೀನು ಎತ್ತುವ ಮೊದಲೇ ಇಟ್ಟುಬಿಟ್ಟೆ. ಅಳುತ್ತಾ ಮಾತಾಡಿದರೆ ನಿನಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ.

ನಿನ್ನ ಅಮ್ಮನ ಮಂಡಿನೋವು ಹೇಗಿದೆ? ಇಲ್ಲಿ ಜಯಂತ್ ಚೆನ್ನಾಗಿದ್ದಾರೆ, ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕ ದಿನ ಇನ್ನೂ ಚೆನ್ನಾಗಿರುತ್ತಾರೆ. ಚೆನ್ನಾಗಿಲ್ಲದವಳು ನಾನು. ನಿನ್ನಿಂದ ಒಂದು ಉಪಕಾರ ಆಗಬೇಕು.

ನನ್ನ ಕೆಲಸ ನಿನಗೆ ಗೊತ್ತಲ್ಲ. ಕಾಲೇಜಿನ ವಿದ್ಯಾರ್ಥಿ ನೆರವು ಕೇಂದ್ರದ ಸಂಯೋಜಕಿ ಎಂಬ ಉದ್ದದ ಹೆಸರು, ಮೆಟ್ಟಿಲ ಕೆಳಗೆ ಒಂದು ಮೇಜು. ಪಾಠದಲ್ಲಿ ಹಿಂದೆ ಬಿದ್ದವರಿಗೆ ಸಂಜೆ ತರಗತಿ, ಕಣ್ಣು ಕಾಣದವರಿಗೆ ಪಾಠಗಳ ಕ್ಯಾಸೆಟ್, ಪರೀಕ್ಷೆಯಲ್ಲಿ ಅವರು ಹೇಳಿದ್ದನ್ನು ಬರೆದುಕೊಡುವ ರೈಟರ್, ಎಲ್ಲ ನಾನೇ ಹೊಂದಿಸಬೇಕು. ಈ ರೈಟರ್ ಪರೀಕ್ಷೆಗೆ ಕೂತವರಿಗಿಂತ ಕೆಳಗಿನ ತರಗತಿಯಲ್ಲಿ ಓದುವವರಾಗಿರಬೇಕು, ಹೇಳಿದ್ದನ್ನಷ್ಟೇ ಬರೆಯಬೇಕು. ಏಪ್ರಿಲ್ ಬಂತೆಂದರೆ ನಾನು ಹತ್ತಿ ಇಳಿಯುವಷ್ಟು ಮನೆಗಳನ್ನು ಮಗನಿಗೆ ಹೆಣ್ಣು ಹುಡುಕುವವರೂ ಹತ್ತಿ ಇಳಿಯಲಾರರು.

ಸಾಬವ್ವ ಎಂಬ ಹುಡುಗಿಯ ವಿಷಯ ಹಿಂದೆ ಬರೆದಿದ್ದೆ. ಅವಳಪ್ಪ ಮಾಪಣ್ಣ ತುರ್ಭೆಯ ಹಣ್ಣಿನ ಮಾರ್ಕೆಟ್ಟಿನಲ್ಲಿ ಹಮಾಲ. ಅವಳು ಗುಲಬರ್ಗಾದ ಅಂಧರ ಶಾಲೆಯೊಂದರಲ್ಲಿ ಕನ್ನಡದಲ್ಲಿ ಓದಿ ಬಂದು, ಇಲ್ಲಿ ಬಿ.ಎ.ಗೆ ಕನ್ನಡವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡಳು. ಈಗ ಕೊನೆಯ ವರ್ಷ. ಪಾಸಾದರೆ ಜುಲೈಗೆ ಕೆಲಸಕ್ಕೆ ಬಾ, ಇರಲು ಕೋಣೆಯನ್ನೂ ಕೊಡುತ್ತೇವೆ ಎಂದು ಆ ಶಾಲೆಯವರೇ ಹೇಳಿದ್ದಾರೆ. ಪಾಸಾಗದಿದ್ದರೆ ತುರ್ಭೆಯ ಒಂದೇ ಕೋಣೆ. ಅಪ್ಪ ಅಮ್ಮ ದುಡಿಯಲು ಹೋಗುವಾಗ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಾರೆ. ಆ ಗಲ್ಲಿ ಅಂಥದ್ದು, ಅವರನ್ನು ಬೈಯಲೂ ಬಾಯಿ ಬರುವುದಿಲ್ಲ.

ಕನ್ನಡ ಬರೆಯಬಲ್ಲ ರೈಟರ್‌ಗಾಗಿ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಇಲ್ಲಿ ಹುಟ್ಟಿದ ನಮ್ಮವರ ಮಕ್ಕಳು ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರ ಕೊಡುವವರು. ಕೊನೆಗೆ ಡೊಂಬಿವಲಿಯಲ್ಲಿ ನಿಶ್ಮಿತಾ ಸಿಕ್ಕಳು. ಹೋಟೆಲಿನವರ ಮಗಳು, ಹತ್ತರವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಎಲ್ಲ ಪತ್ರಿಕೆಗಳನ್ನೂ ಚೆನ್ನಾಗಿ ಬರೆದುಕೊಟ್ಟಳು. ಕೊನೆಯದೊಂದು ಉಳಿದಿತ್ತು. ಹಿಂದಿನ ದಿನ ಮಧ್ಯಾಹ್ನ ಅವಳ ತಂದೆಯ ಫೋನ್ ಬಂತು. "ಮಗಳಿಗೆ ಮೈಯೆಲ್ಲ ಗುಳ್ಳೆ ಎದ್ದಿದೆ ಮೇಡಂ, ಜ್ವರ ಬೇರೆ ಉಂಟು. ಹೇಗೆ ಕಳಿಸುದು ಮಾರಾಯ್ರೆ?"

ಥಾಣೆ, ಕಲ್ಯಾಣ್, ಮುಂಬ್ರಾ, ಗುರುತಿದ್ದ ಕಡೆಯೆಲ್ಲ ಫೋನ್ ಮಾಡಿ ಸೋತು ಕೂತಿದ್ದೆ. ನಮ್ಮ ಚಿನ್ನು ಬಂದು ಹೆಗಲ ಮೇಲೆ ಕೈ ಹಾಕಿದಳು. "ಮೈ ಲಿಖೂಂಗಿ ನಾ ಅಮ್ಮಾ. ಕನ್ನಡ ತೋ ಆತಾ ಹೈ ಮುಝೆ." ತಾನೇ ಬರೆಯುತ್ತಾಳಂತೆ, ಕನ್ನಡ ಬರುತ್ತದಂತೆ. ಅವಳು ಹನ್ನೊಂದನೆಯ ತರಗತಿ, ನಿಯಮಕ್ಕೂ ಸರಿ. ಅಜ್ಜನಿಗೆ ಕನ್ನಡದಲ್ಲಿ ಕಾರ್ಡು ಬರೆಯುತ್ತಿದ್ದ ಹುಡುಗಿ ಅವಳು, ನಿನಗೂ ನೆನಪಿರಬೇಕು. ಅಜ್ಜ ಹೋದ ಮೇಲೆ ಅವಳು ಒಂದಕ್ಷರವನ್ನೂ ಬರೆದಿಲ್ಲ ಎಂಬುದು ಆ ಗಡಿಬಿಡಿಯಲ್ಲಿ ನನಗೆ ಹೊಳೆಯಲೇ ಇಲ್ಲ. ಖುಷಿಯಲ್ಲಿ ತಲೆ ಕೆಲಸ ಮಾಡಲಿಲ್ಲ.

ಮರುದಿನ ಅವರಿಬ್ಬರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಮೇಲ್ವಿಚಾರಣೆಗಿದ್ದ ಹೃಷೀಕೇಶ ಸರ್‌ಗೆ ಬಾಗಿಲಲ್ಲಿ ನಿಂತು ಹೇಳಿದೆ, ಇವಳು ನನ್ನ ಮಗಳು, ಇವತ್ತಿನ ಕನ್ನಡ ರೈಟರ್ ಇವಳೇ ಎಂದು. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ. ಮುಗಿದ ಮೇಲೆ ಸಾಬವ್ವ ಚಿನ್ನುವಿನ ಕೈ ಹುಡುಕಿ ಹಿಡಿದುಕೊಂಡು, "ಭಾಳ ತ್ರಾಸ ತಗೊಂಡಿ ತಂಗಿ" ಎಂದಳು. ಇಬ್ಬರಿಗೂ ಕ್ಯಾಂಟೀನಿನಲ್ಲಿ ವಡಾಪಾವ್ ಕೊಡಿಸಿದೆ.

ವಡಾಪಾವ್ ಮುಗಿದಿರಲಿಲ್ಲ, ಉತ್ತರಪತ್ರಿಕೆ ಕಟ್ಟುವ ಗುಮಾಸ್ತರು ಕರೆಸಿದರು. "ಮ್ಯಾಡಮ್, ಹಾ ಕನ್ನಡ ಪೇಪರ್ ಆಹೇ ನಾ? ಮಗ ಮರಾಠೀತ ಕಾ ಲಿಹಿಲಯ?" ಕನ್ನಡ ಪೇಪರನ್ನು ಮರಾಠಿಯಲ್ಲಿ ಯಾಕೆ ಬರೆದಿದ್ದಾರೆ ಎಂದು ಕೇಳಿದರು.

ತೆಗೆದು ನೋಡಿದೆ. ಮೊದಲ ಎರಡು ಸಾಲು ಕನ್ನಡ ಲಿಪಿಯಲ್ಲಿತ್ತು, ಒತ್ತಕ್ಷರವೊಂದೂ ಇಲ್ಲದೆ, ಚಿಕ್ಕ ಮಗು ಬರೆದ ಹಾಗೆ. ಮೂರನೆಯ ಸಾಲಿನಿಂದ ಕೊನೆಯ ಪುಟದವರೆಗೆ ದೇವನಾಗರಿ. ಭಾಷೆ ಶುದ್ಧ ಕನ್ನಡ, ಅಕ್ಷರ ಮಾತ್ರ ಮರಾಠಿಯದು. ಹೃಷೀಕೇಶ ಸರ್‌ಗೆ ಕನ್ನಡ ಬಾರದು. ಬಗ್ಗಿ ನೋಡಿದಾಗ ತಮಗೆ ಗೊತ್ತಿರುವ ಲಿಪಿಯೇ ಕಂಡಿತು, ಸುಮ್ಮನಾದರು.

ಕೇಳಿದ್ದಕ್ಕೆ ಚಿನ್ನು ಹೇಳಿದಳು, "ಒತ್ತು ಯಾದ್ ನಹೀ ಆಯಾ ಅಮ್ಮಾ. ದೀದಿ ಬೋಲ್ತಿ ಜಾ ರಹೀ ಥೀ, ಟೈಮ್ ಜಾ ರಹಾ ಥಾ. ಲೇಕಿನ್ ಏಕ್ ಭೀ ವರ್ಡ್ ನಹೀ ಛೋಡಾ." ಒತ್ತಕ್ಷರ ನೆನಪಿಗೆ ಬರಲಿಲ್ಲವಂತೆ, ಸಾಬವ್ವ ಹೇಳುತ್ತಲೇ ಹೋದಳಂತೆ, ಹೊತ್ತು ಮೀರುತ್ತಿತ್ತಂತೆ.

ನಿಜ ಸಂಯುಕ್ತಾ, ಅವಳು ಒಂದು ಪದವನ್ನೂ ಬಿಟ್ಟಿಲ್ಲ. ಗಟ್ಟಿಯಾಗಿ ಓದಿದರೆ ಸಾಬವ್ವನ ಧ್ವನಿಯೇ ಕೇಳುತ್ತದೆ, ಅಷ್ಟು ಒಳ್ಳೆಯ ಉತ್ತರಗಳು. ಆದರೆ ಪರೀಕ್ಷಾ ವಿಭಾಗದವರು ನನ್ನನ್ನು ಮೇಜಿನಿಂದ ಮೇಜಿಗೆ ಓಡಾಡಿಸಿ ಕೊನೆಗೆ ಹೇಳಿದ್ದು, "ನಿಯಮಾತ ಬಸತ ನಾಹೀ." ನಿಯಮದಲ್ಲಿ ಕೂರುವುದಿಲ್ಲವಂತೆ. ಈ ಪತ್ರಿಕೆಗೆ ಸೊನ್ನೆ, ಅಕ್ಟೋಬರಿನಲ್ಲಿ ಮತ್ತೆ ಬರೆಯಲಿ ಎಂದರು. ಅಕ್ಟೋಬರಿನವರೆಗೆ ಗುಲಬರ್ಗಾದವರು ಕಾಯುವುದಿಲ್ಲ, ನಾನು ಕೇಳಿ ಆಯಿತು. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಜವಾನ ನೀರು ತಂದುಕೊಟ್ಟ, ಆಮೇಲೆ ಬಾಗಿಲು ಹಾಕಬೇಕು ಏಳಿ ಎಂದ.

ಇನ್ನೊಂದು ಅರ್ಜಿ ಕೊಡಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆ. ನೀನು ಇಷ್ಟು ವರ್ಷ ಕನ್ನಡ ಪಾಠ ಹೇಳಿದವಳು, ಪರೀಕ್ಷಾ ಮಂಡಳಿಗಳಲ್ಲಿ ಕೂತವಳು. ಲಿಪಿ ಯಾವುದಾದರೂ ಇದು ಕನ್ನಡವೇ, ಓದಿ ಅಂಕ ಕೊಡಬಹುದು ಎಂದು ನಿನ್ನ ಹೆಸರು ಹಾಕಿ ನಾಲ್ಕು ಸಾಲು ಬರೆದುಕೊಡು. ಎಲ್ಲಾದರೂ ಹೀಗೆ ನಡೆದದ್ದು ಗೊತ್ತಿದ್ದರೆ ಅದನ್ನೂ ಬರೆ. ನನಗೆ ಬೇರೆ ದಾರಿ ಕಾಣುತ್ತಿಲ್ಲ. ಕೈಮುಗಿದು ಕೇಳುತ್ತಿದ್ದೇನೆ.

ಚಿನ್ನು ಸರಿಯಾಗಿ ಊಟ ಮಾಡುತ್ತಿಲ್ಲ. ಅಜ್ಜನ ಹಳೆಯ ಕಾಗದಗಳನ್ನು ತೆಗೆದು ಒತ್ತಕ್ಷರ ತಿದ್ದುತ್ತಾ ಕೂತಿರುತ್ತಾಳೆ. ಬೇಡ ಎನ್ನಲು ನನಗೆ ಆಗುವುದಿಲ್ಲ.

ಸಾಬವ್ವನಿಗೆ ನಾನಿನ್ನೂ ಹೇಳಿಲ್ಲ. ಮೊನ್ನೆ ಮಾಪಣ್ಣ ಒಂದು ಚೀಲ ಹಾಪೂಸ್ ತಂದು ಬಾಗಿಲಲ್ಲಿಟ್ಟ. "ಪೆಟ್ಟಿಗಿ ಒಡದು ಉಳದ ಹಣ್ಣರಿ ಬಾಯಾರ, ಖರೆ ರುಚಿ ಅದಾವು. ಮಗಳು ನಿಮ್ಮನ್ನ ಭಾಳ ನೆನಸ್ತಾಳ." ಮನೆಯೆಲ್ಲ ಮಾವಿನ ವಾಸನೆ, ಒಬ್ಬರೂ ಮುಟ್ಟಿಲ್ಲ. ನಾಳೆ ತುರ್ಭೆಗೆ ಹೋಗಿ ಹೇಳಿಬಿಡುತ್ತೇನೆ. ಹೇಳಿ ಬಂದ ಮೇಲೆಯೇ ಈ ಪತ್ರ ಅಂಚೆಗೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಗ ತರುಣನಿಗೆ ಈ ಅತ್ತೆಯ ಆಶೀರ್ವಾದ. ಅವನು ಕನ್ನಡದಲ್ಲೇ ಬರೆಯುತ್ತಿದ್ದಾನೆ ತಾನೇ? ಬರೆಯುತ್ತಿರಲಿ, ನೂರು ಕಾಲ ಚೆನ್ನಾಗಿರಲಿ.

ನಿನ್ನ
ಭಾಗೀರಥಿ

ಮರೆಯದೆ ಓದು: ತುರ್ಭೆಗೆ ಹೋಗಿ ಬಂದೆ. ಹೊರಗಿನ ಚಿಲಕ ನಾನೇ ತೆಗೆದು ಒಳಗೆ ಹೋದೆ. ಹೇಳಿದೆ. ಸಾಬವ್ವ ಅಳಲಿಲ್ಲ. "ನನಗ ಆವತ್ತೇ ಗೊತ್ತಾಗಿತ್ರಿ" ಎಂದಳು.

ಹೇಗೆ ಎಂದು ಕೇಳಿದೆ. ಮೊದಲ ವರ್ಷ ಅವಳ ಹಿಂದಿ ಪತ್ರಿಕೆಯನ್ನು ಬೇರೆ ರೈಟರ್ ಬರೆದಿದ್ದಳು. "ಹಿಂದಿ ಬರಿಯೋವಾಗ ಶಬ್ದ ಮುಗದ ಮ್ಯಾಲ ತಲಿ ಮ್ಯಾಲೊಂದು ಗೆರಿ ಎಳೀತಾರಲ್ರಿ, ಪೆನ್ನು ಸರ್ ಅಂತ ಸಪ್ಪಳ ಮಾಡತದ. ಕನ್ನಡಕ್ಕ ಆ ಸಪ್ಪಳಿಲ್ಲ. ಮೊದಲ ತಂಗಿ ತಡದು ತಡದು ಬರದ್ಳು. ಆಮ್ಯಾಲ ಗೆರಿ ಸಪ್ಪಳ ಸುರುವಾತು."

ಹಾಗಾದರೆ ಆಗಲೇ ಯಾಕೆ ನಿಲ್ಲಿಸಲಿಲ್ಲ, ನಾನು ಹೊರಗೇ ಇದ್ದೆನಲ್ಲ ಎಂದೆ.

"ನಿಮ್ಮ ಮಗಳರಿ. ನೀವು ಬಾಗಲದಾಗ ನಿಂತು ಅಷ್ಟು ಖುಷಿಲಿಂದ ಹೇಳಿದ್ರಿ. ಮೂರು ವರ್ಷ ನೀವು ಕೊಟ್ಟಿದ್ದೇ ತಗೊಂಡೀನಿ, ಹ್ಯಾಂಗ ಬ್ಯಾಡ ಅನ್ಲರಿ?"

ಅಷ್ಟೂ ಹೊತ್ತು ಅವಳು ಆ ಸಪ್ಪಳ ಕೇಳುತ್ತಲೇ ಉತ್ತರ ಹೇಳಿದ್ದಾಳೆ ಸಂಯುಕ್ತಾ, ಒಂದನ್ನೂ ಬಿಡದೆ. ಬರುವಾಗ ಚಿಲಕವನ್ನು ಮತ್ತೆ ಹೊರಗಿನಿಂದ ಹಾಕಬೇಕಿತ್ತು. ಹಾಕಿ ಬಂದೆ.