ತಾನಾಗಿ ಉರಿದ ಕಾಗದದ ದೀಪ

ರೀ,

ಹಾಲು ಕಾಯಿಸಿದ್ದೇನೆ, ಆರಿದ ಮೇಲೆ ಫ್ರಿಜ್‌ನಲ್ಲಿಡಿ.

ಮೇಜಿನ ಮೇಲಿನ ಕಾಗದದ ಸರ್ಕ್ಯೂಟ್ ವಿಷಯ, ಅದೇ ಕಾಗದದ ಮೇಲೆ ತಾಮ್ರದ ಟೇಪನ್ನು ತಂತಿಯಂತೆ ಅಂಟಿಸಿ ಪುಟ್ಟ ದೀಪ ಉರಿಸುವುದು. ನಿನ್ನೆ ನಾನು ಏನು ಮಾಡಿದರೂ ಅದರ ಎಲ್‌ಇಡಿ ಉರಿಯಲಿಲ್ಲ. ಬೆಳಿಗ್ಗೆ ಬ್ಯಾಟರಿ ಒತ್ತಿದ ಕೂಡಲೇ ಉರಿಯಿತು. ಕೇಳಿದ್ದಕ್ಕೆ ನೀವು, "ನಾನ್ಯಾಕೆ ಮುಟ್ಲಿ? ಬ್ಯಾಟರಿಗೂ ಮೂಡ್ ಅಂತ ಇರುತ್ತೆ ಕಣೇ" ಅಂದಿರಿ. ನಾನು ನಂಬಿಲ್ಲ.

ಟೇಪು ತಿರುಗುವ ಮೂಲೆಯಲ್ಲಿ ನಾನು ಅದನ್ನು ಕತ್ತರಿಸಿ, ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿದ್ದೆ. ಈಗ ಅಲ್ಲಿರುವುದು ಕತ್ತರಿಸದೆ ಮಡಚಿದ ಒಂದೇ ಪಟ್ಟಿ. ಅಷ್ಟು ಚೂಪಾಗಿ ಮೂಲೆ ಮಡಚಲು ಪುಸ್ತಕಕ್ಕೆ ರಟ್ಟು ಕಟ್ಟುವವರಿಗೆ ಮಾತ್ರ ಬರುತ್ತದೆ. ಈ ಮನೆಯಲ್ಲಿ ಅಂಥವರು ನೀವೊಬ್ಬರೇ.

ಇದನ್ನು ಮಾಡುವ ವಿಧಾನ ನಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಅಚ್ಚಾಗಬೇಕು. ನನ್ನ ಕೈಯಲ್ಲೇ ಆಗದ್ದನ್ನು "ಹೀಗೆ ಮಾಡಿ" ಎಂದು ಬರೆದರೆ ಅದು ಸುಳ್ಳು ಸುದ್ದಿ. ತುಂಡುಗಳು ಸೇರುವಲ್ಲಿ ಟೇಪಿನ ಅಡಿಯ ಅಂಟು ಕರೆಂಟನ್ನು ತಡೆಯುತ್ತದೆ ಎಂಬ ಅನುಮಾನವಿದೆ, ಖಚಿತವಿಲ್ಲ.

ಅದಕ್ಕೇ ನೀವು ಅಂಟಿಸಿದ್ದನ್ನು ಕಿತ್ತುಹಾಕಿದ್ದೇನೆ. ಸಂಜೆ ಬಂದು ನಾನೇ ಮಡಚುತ್ತೇನೆ. ಪಕ್ಕದಲ್ಲಿ ಕೂತು ಹೇಳಿಕೊಡಿ. ಕೈ ಮಾತ್ರ ಕಟ್ಟಿಕೊಂಡಿರಬೇಕು.